ಕುಶಾಲನಗರದಿಂದ ಒಂದು ಗಂಟೆ ದೂರ: ನಮ್ಮ ಹಳೆಯ ರಾಜಧಾನಿ ಮಡಿಕೇರಿ

ಮಡಿಕೇರಿಗೆ ನಾವು ಯಾಕೆ ಹೋಗುತ್ತೇವೆ? ಕಚೇರಿ ಕೆಲಸ, ಕೋರ್ಟು, ಆಸ್ಪತ್ರೆ, ದಸರಾ. ಕೆಲಸ ಮುಗಿಸಿ, ಟೈಮಿದ್ದರೆ ರಾಜಾಸೀಟಿನಲ್ಲಿ ಒಂದು ಸೆಲ್ಫಿ ತೆಗೆದುಕೊಂಡು, ಕುಶಾಲನಗರದ ಬಸ್ಸು ಹತ್ತಿ ವಾಪಸ್. ಅದು 1681ರಿಂದ ಕೊಡಗಿನ ರಾಜಧಾನಿಯಾಗಿದ್ದ ಊರು ಅನ್ನುವುದು ನೆನಪಾಗುವುದೇ ಕಡಿಮೆ. ಈ ಸಲ ನಾವು ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳದೆ, ನೋಡುವುದಕ್ಕೆಂದೇ ಹೋಗಿ ಬಂದೆವು.

ಹೊರಡುವ ಮೊದಲು ನಮ್ಮ ಊರಿನ ಹೆಸರಿನ ಕಥೆ. ಹೈದರಾಲಿ ಇಲ್ಲಿದ್ದಾಗ ಮಗ ಟಿಪ್ಪು ಹುಟ್ಟಿದ ಸುದ್ದಿ ಬಂತು, ಖುಷಿಯಿಂದ ಕುಶಾಲನಗರ ಎಂದು ಹೆಸರಿಟ್ಟ ಅನ್ನುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಲೆಕ್ಕ ಕೂಡುವುದಿಲ್ಲ. ಟಿಪ್ಪು ಹುಟ್ಟಿದ್ದು 1750ರ ಸುಮಾರಿಗೆ. ಹೈದರ್ ಕೊಡಗಿನ ಮೇಲೆ ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಇನ್ನೊಂದು ಹೆಸರು ಹಿರಿಯರ ಬಾಯಲ್ಲಿ ಈಗಲೂ ಇದೆ: ಫ್ರೇಸರ್‌ಪೇಟೆ. 1834ರಲ್ಲಿ ಕೊಡಗನ್ನು ಕಂಪನಿ ಸರ್ಕಾರಕ್ಕೆ ಸೇರಿಸಿಕೊಂಡಾಗ ಮುಂದೆ ನಿಂತಿದ್ದ ಕರ್ನಲ್ ಫ್ರೇಸರ್ ಹೆಸರು ಅದು. ಅಂದರೆ ಮಡಿಕೇರಿಯ ಅರಸೊತ್ತಿಗೆ ಮುಗಿದದ್ದರ ಗುರುತು ನಮ್ಮ ಊರಿನ ಹೆಸರಿನಲ್ಲೇ ಬಹುಕಾಲ ಉಳಿದಿತ್ತು.

ಮೊದಲು ಕೋಟೆಗೆ ಹೋದೆವು. ಹಾಲೇರಿಯಿಂದ ಆಳುತ್ತಿದ್ದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದು ಮಣ್ಣಿನ ಕೋಟೆ ಕಟ್ಟಿದ. ಮುದ್ದುರಾಜನ ಕೇರಿಯೇ ಜನರ ಬಾಯಲ್ಲಿ ಮಡಿಕೇರಿ ಆಯಿತು ಎನ್ನುತ್ತಾರೆ. ಆ ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿ, ಊರಿಗೆ ಜಾಫರಾಬಾದ್ ಎಂದು ಹೆಸರಿಟ್ಟವನು ಟಿಪ್ಪು. ಆಗ ಕೊಡಗಿನ ದೊಡ್ಡ ವೀರರಾಜೇಂದ್ರ ನಮ್ಮ ಪಕ್ಕದ ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದ. 1788ರಲ್ಲಿ ಮನೆಯವರೊಂದಿಗೆ ತಪ್ಪಿಸಿಕೊಂಡು ಬಂದು ಜನರನ್ನು ಕೂಡಿಸಿದ. 1790ರಲ್ಲಿ ಕೋಟೆ ಮತ್ತೆ ಅವನ ಕೈಗೆ ಬಂತು. ಶತ್ರು ಕಟ್ಟಿಸಿದ ಕಲ್ಲಿನ ಗೋಡೆಯೊಳಗೇ ಕೊಡಗಿನ ಅರಸರು ಮುಂದೆ ಆಳಿದರು.

ಕೋಟೆಯೊಳಗಿನ ಅರಮನೆಯನ್ನು ಅವನ ತಮ್ಮ ಲಿಂಗರಾಜೇಂದ್ರ 1812ರಿಂದ 1814ರ ನಡುವೆ ಹೊಸದಾಗಿ ಕಟ್ಟಿಸಿದ. ರಾಜರ ಕಾಲದ ನಂತರ ಅದು ಸರ್ಕಾರಿ ಕಚೇರಿಯಾಯಿತು. ನಮ್ಮ ಹಿಂದಿನ ತಲೆಮಾರಿನವರು ಅರ್ಜಿ ಹಿಡಿದು ಕಾದು ನಿಂತದ್ದು ರಾಜರ ಮನೆಯಲ್ಲೇ! ಎದುರಿಗಿರುವ ಗಡಿಯಾರ ಕಟ್ಟಿದ್ದು 1933ರಲ್ಲಿ, ಬ್ರಿಟಿಷರು. ಅಂಗಳದಲ್ಲಿ ಗಾರೆಯ ಎರಡು ಆನೆಗಳಿವೆ, ನಿಜವಾದ ಆನೆಯಷ್ಟೇ ಎತ್ತರ. ಮಕ್ಕಳನ್ನು ಕರೆದುಕೊಂಡು ಹೋದರೆ ಅಲ್ಲಿಂದ ಎಬ್ಬಿಸುವುದು ಕಷ್ಟ.

ಅದೇ ಆವರಣದಲ್ಲಿ ಒಂದು ಚರ್ಚಿನ ಕಟ್ಟಡವಿದೆ. ಅಲ್ಲಿದ್ದ ವೀರಭದ್ರ ದೇವಸ್ಥಾನವನ್ನು ತೆಗೆದು ಬ್ರಿಟಿಷರು 1855ರಲ್ಲಿ ಚರ್ಚ್ ಕಟ್ಟಿಸಿದರು. 1971ರಿಂದ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಹಳೆಯ ವಿಗ್ರಹ, ಆಯುಧಗಳನ್ನು ಇಲ್ಲಿ ನೋಡಬಹುದು. ಕೋಟೆಯ ಗಣಪತಿಗೆ ಮಾತ್ರ ಇವತ್ತಿಗೂ ಪೂಜೆ ನಡೆಯುತ್ತಿದೆ.

ಕೋಟೆಯಿಂದ ಇಳಿದರೆ ಓಂಕಾರೇಶ್ವರ ದೇವಸ್ಥಾನ. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ್ದು. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ದೂರದಿಂದ ನೋಡಿದರೆ ಮಸೀದಿಯೇ ಅನ್ನಿಸುತ್ತದೆ, ಒಳಗೆ ಕಾಶಿಯಿಂದ ತಂದ ಲಿಂಗ. ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ ರಾಜನಿಗೆ ಬ್ರಹ್ಮರಾಕ್ಷಸನ ಕಾಟ ಶುರುವಾಗಿ, ಅದರ ಪರಿಹಾರಕ್ಕೆ ಈ ಗುಡಿ ಕಟ್ಟಿಸಿದ ಎಂಬ ಕಥೆ ಊರಿನಲ್ಲಿದೆ. ಕಥೆ ನಿಜವೋ ಸುಳ್ಳೋ, ರಾಜನಾದರೂ ಮಾಡಿದ್ದಕ್ಕೆ ಉತ್ತರ ಕೊಡಬೇಕು ಎಂದು ಜನ ನಂಬಿದ್ದರು ಅನ್ನುವುದಂತೂ ಅದರಿಂದ ಗೊತ್ತಾಗುತ್ತದೆ. ಕಿಟಕಿಯ ಸರಳುಗಳನ್ನು ಹತ್ತಿರದಿಂದ ನೋಡಿ, ರಾಜನ ಹೆಸರಿನ ‘ಲಿಂ’ ಅಕ್ಷರ ಕಾಣುತ್ತದೆ. ಮುಂದಿನ ಕೆರೆಯ ನಡುವೆ ಮಂಟಪವಿದೆ. ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದು ಬನ್ನಿ.

ಕೊನೆಗೆ ಮಹದೇವಪೇಟೆ ಕಡೆಯ ಗದ್ದಿಗೆ, ಅಂದರೆ ರಾಜರ ಸಮಾಧಿ. ಪ್ರವಾಸಿಗರ ಗದ್ದಲ ಇಲ್ಲಿಗೆ ಅಷ್ಟಾಗಿ ಬರುವುದಿಲ್ಲ. ಒಂದರಲ್ಲಿ ದೊಡ್ಡ ವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿ, ಇನ್ನೊಂದರಲ್ಲಿ ಲಿಂಗರಾಜೇಂದ್ರ. ಇಲ್ಲಿಯೂ ಗುಮ್ಮಟ, ಮಿನಾರು. ಅರಸರು ವೀರಶೈವರು. ಟಿಪ್ಪುವಿನೊಡನೆ ವರ್ಷಗಟ್ಟಲೆ ಯುದ್ಧ ಮಾಡಿದ ಮನೆತನವೇ ಗುಮ್ಮಟದ ಕಟ್ಟಡ ಬೇಡ ಅನ್ನಲಿಲ್ಲ. ಚೆಂದ ಕಂಡದ್ದನ್ನು ತಮ್ಮದು ಮಾಡಿಕೊಂಡರು. ಅವರ ಪರವಾಗಿ ಹೋರಾಡಿದ ಬಿದ್ದಂಡ ಬೋಪು ಮತ್ತು ಅವರ ಮಗ ಸೋಮಯ್ಯನ ಸಮಾಧಿಗಳೂ ಅದೇ ಆವರಣದಲ್ಲಿವೆ. ರಾಜರ ಪಕ್ಕದಲ್ಲೇ ಅವರ ಸೇನಾನಿಗಳಿಗೂ ಜಾಗ ಸಿಕ್ಕಿದೆ.

ಜಾಗ ಸಿಗದವನು ಒಬ್ಬನಿದ್ದಾನೆ. ಅಪ್ಪ ಲಿಂಗರಾಜೇಂದ್ರನಿಗೆ ಗದ್ದಿಗೆ ಕಟ್ಟಿಸಿದ ಚಿಕ್ಕ ವೀರರಾಜೇಂದ್ರ, ಕೊಡಗಿನ ಕೊನೆಯ ಅರಸ. 1834ರಲ್ಲಿ ಅವನನ್ನು ಪಟ್ಟದಿಂದ ಇಳಿಸಿ ಕಾಶಿಗೆ ಕಳಿಸಿದರು. ಕಂಪನಿಯಲ್ಲಿ ಸಿಕ್ಕಿಬಿದ್ದಿದ್ದ ತನ್ನ ಹಣ ಕೇಳಲು 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ ಆ ಹುಡುಗಿ ಕ್ರೈಸ್ತಳಾದಳು. ಅರಸ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಐದು ವರ್ಷದ ನಂತರ ಗೌರಮ್ಮನೂ ತೀರಿಹೋದಳು. ಇಬ್ಬರೂ ಕೊಡಗಿಗೆ ಮರಳಲಿಲ್ಲ. ಅವನ ಆಳ್ವಿಕೆ ಕ್ರೂರವಾಗಿತ್ತು ಎನ್ನುವವರು ಬಹಳ. ಆದರೂ ಗದ್ದಿಗೆಯ ಅಂಗಳದಲ್ಲಿ ನಿಂತಾಗ ಅವನ ನೆನಪಾಗಿ ನಮಗೆ ಮನಸ್ಸು ಭಾರವಾಯಿತು.

ಅರಸರು ಹೋದರೂ ಮಡಿಕೇರಿ ರಾಜಧಾನಿಯಾಗಿಯೇ ಇತ್ತು, ಮೊದಲು ಬ್ರಿಟಿಷರ ಕೊಡಗಿಗೆ, ಆಮೇಲೆ ಸ್ವತಂತ್ರ ಭಾರತದ ಪುಟ್ಟ ಕೊಡಗು ರಾಜ್ಯಕ್ಕೆ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಒಟ್ಟು 275 ವರ್ಷ.

ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್. ಬೆಳಿಗ್ಗೆ ಬಸ್ಸು ಹತ್ತಿದರೆ ಮೂರೂ ಜಾಗವನ್ನು ನಡೆದೇ ನೋಡಿ, ಸಂಜೆ ರಾಜಾಸೀಟಿನಲ್ಲಿ ಸೂರ್ಯ ಮುಳುಗುವುದನ್ನೂ ನೋಡಿ ಬರಬಹುದು. ಮುಂದಿನ ಸಲ ಕಚೇರಿ ಕೆಲಸಕ್ಕೆ ಹೋದಾಗ ಒಂದು ಗಂಟೆ ಉಳಿಸಿಕೊಳ್ಳಿ, ಗದ್ದಿಗೆಗಾದರೂ ಹೋಗಿ. ಜೊತೆಗೆ ಮನೆಯ ಹಿರಿಯರೊಬ್ಬರಿದ್ದರೆ ಇನ್ನೂ ಒಳ್ಳೆಯದು. ನಾವು ಕೇಳದ ಕಥೆಗಳು ಅವರ ಹತ್ತಿರ ಇರುತ್ತವೆ. ಬರೆದಿಟ್ಟುಕೊಳ್ಳಿ.