ಭಂಡಾರ: ಬೊಕ್ಕಸದಿಂದ ಬೆಳೆಯ ಎಲೆಗೆ

ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರು ಸೀಮೆಯಲ್ಲಿ ಕಾಲುವೆ ನೀರು ಹರಿಯುವ ಕಡೆಯೆಲ್ಲ ಭತ್ತವೇ ಭತ್ತ. ಭತ್ತಕ್ಕೆ ಬೆಂಕಿರೋಗವಿದೆ, ತುಕ್ಕು ರೋಗವಿಲ್ಲ. ಮುಖ್ಯ ಏಕದಳ ಧಾನ್ಯಗಳಲ್ಲಿ ತುಕ್ಕಿನ ಶಿಲೀಂಧ್ರಕ್ಕೆ ಸಿಗದೆ ಉಳಿದದ್ದು ಅದೊಂದೇ. ಜೋಳ, ಸಜ್ಜೆ, ಶೇಂಗಾಗಳಿಗೆ ಆ ಪುಣ್ಯವಿಲ್ಲ. ಎಲೆಯ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳೇಳುತ್ತವೆ, ಸಿಪ್ಪೆ ಬಿರಿಯುತ್ತದೆ, ಸವರಿದ ಬೆರಳಿಗೆ ಪುಡಿ ಹತ್ತುತ್ತದೆ. ಪುಸ್ತಕಗಳು ಇದನ್ನು ತುಕ್ಕು ರೋಗವೆನ್ನುತ್ತವೆ. ಉತ್ತರ ಕರ್ನಾಟಕದ ಗೋಧಿ ಹೊಲಗಳಲ್ಲಿ ಇದಕ್ಕಿರುವ ಹೆಸರು ಭಂಡಾರ ರೋಗ. ಆ ಹೆಸರು ಬಂದ ದಾರಿ ಬಲು ಉದ್ದದ್ದು.

ಸಂಸ್ಕೃತದಲ್ಲಿ ‘ಭಾಂಡ’ವೆಂದರೆ ಪಾತ್ರೆ, ಸರಕು, ‘ಆಗಾರ’ವೆಂದರೆ ಮನೆ. ಎರಡೂ ಕೂಡಿದ ‘ಭಾಂಡಾಗಾರ’ ಪ್ರಾಕೃತದ ಬಾಯಲ್ಲಿ ಸವೆದು ‘ಭಂಡಾರ’ವಾಯಿತು. ಕನ್ನಡ ಶಾಸನಗಳಲ್ಲಿ ದೇವಸ್ಥಾನದ ಬೊಕ್ಕಸ ‘ಶ್ರೀಭಂಡಾರ’. ಅದನ್ನು ನೋಡಿಕೊಳ್ಳುವವನು ಭಂಡಾರಿ. ಬಸವಣ್ಣನವರು ಬಿಜ್ಜಳನ ಭಂಡಾರಿ. ಹೊಯ್ಸಳ ನರಸಿಂಹನ ಭಂಡಾರಿ ಹುಳ್ಳ 1159ರಲ್ಲಿ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿಗೆ ಇವತ್ತಿಗೂ ಭಂಡಾರಿ ಬಸದಿ ಎಂದೇ ಹೆಸರು. ಅರಸರು ಹೋದರೂ ಪದ ಹೋಗಲಿಲ್ಲ. ಪುಸ್ತಕ ಭಂಡಾರ, ವಸ್ತ್ರ ಭಂಡಾರಗಳ ಬೋರ್ಡಿನ ಮೇಲೆ ಇನ್ನೂ ದುಡಿಯುತ್ತಿದೆ.

ಎಮ್ಮಿಗನೂರಿನಿಂದ ಪಡುವಣಕ್ಕೆ, ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪದದ ಅರ್ಥ ಬೇರೆಯೇ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಭಂಡಾರವೆಂದರೆ ಅರಿಶಿನ ಪುಡಿ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲೂ, ಮಹಾರಾಷ್ಟ್ರದ ಜೇಜುರಿಯ ಖಂಡೋಬನಲ್ಲೂ ಅದೇ ಮಾತು. ಬೊಕ್ಕಸ ಪುಡಿಯಾದದ್ದು ಹೇಗೆ? ನನಗೆ ತೋರುವುದಿಷ್ಟು: ದೇವರಿಗೆ ಸಂದ ಅರಿಶಿನ ದೇವರ ಭಂಡಾರಕ್ಕೆ ಸೇರಿ ಅಲ್ಲಿಂದಲೇ ಭಕ್ತರ ಹಣೆಗೆ ಬರುತ್ತದೆ; ಇಟ್ಟ ಜಾಗದ ಹೆಸರು ಇಟ್ಟ ವಸ್ತುವಿಗೆ ಅಂಟಿತು. ಮಡಕೆ ಕುದಿಯಿತು ಎಂದಾಗ ಕುದಿದದ್ದು ಮಡಕೆಯಲ್ಲವಲ್ಲ.

ಜಾತ್ರೆ ಮುಗಿಸಿ ಬಂದವರ ಅಂಗಿಯ ಮೇಲಿನ ಹಳದಿಗೂ ರೋಗದ ಹೊಲದಲ್ಲಿ ನಡೆದು ಬಂದವರ ಧೋತರದ ಮೇಲಿನ ಹಳದಿಗೂ ಹೋಲಿಕೆ ಕಂಡವರು ರೈತರೇ. ಅಲ್ಲಿ ಪದ ಇನ್ನೊಂದು ಹೆಜ್ಜೆ ಇಟ್ಟಿತು. ಸೂಕ್ಷ್ಮದರ್ಶಕದಡಿ ನೋಡಿದರೆ ಅದು ತನ್ನ ಹಳೆಯ ಅರ್ಥಕ್ಕೂ ಮರಳುತ್ತದೆ. ಆ ಗುಳ್ಳೆ, ಅಂದರೆ ಯೂರಿಡಿಯಂ, ನಿಜಕ್ಕೂ ಒಂದು ಉಗ್ರಾಣ. ಎಲೆಯ ಹೊರಪದರದ ಅಡಿಯಲ್ಲಿ ಶಿಲೀಂಧ್ರ ಸಣ್ಣ ತೊಟ್ಟುಗಳ ತುದಿಯಲ್ಲಿ ಸಾವಿರಾರು ಬೀಜಾಣುಗಳನ್ನು ಕೂಡಿಡುತ್ತದೆ. ಒತ್ತಡಕ್ಕೆ ಪದರ ಹರಿದಾಗ ಗಾಳಿ ಅವನ್ನು ಒಯ್ಯುತ್ತದೆ.

ನೆರೆಯ ತೆಲುಗರದು ‘ತುಪ್ಪು ತೆಗುಲು’. ಅದೂ ನಮ್ಮ ತುಕ್ಕೂ ಕಬ್ಬಿಣದಿಂದ ಬಂದ ಮಾತುಗಳು. ಮರಾಠಿಯ ‘ತಾಂಬೇರಾ’ ತಾಮ್ರದಿಂದ ಬಂದದ್ದು. ಬಣ್ಣವನ್ನು ಮೂರೂ ಸರಿಯಾಗಿ ಹೇಳುತ್ತವೆ. ಆದರೆ ಕಬ್ಬಿಣದ ತುಕ್ಕು ಕಬ್ಬಿಣದ್ದೇ ಸವೆತ. ಎಲೆಯ ಮೇಲಿನದು ಹೊರಗಿನಿಂದ ಹಾರಿಬಂದ ಜೀವ. ಎರಚುವ, ಹಾರುವ ಗುಣ ಭಂಡಾರದಲ್ಲೇ ಇದೆ. ಗೋಧಿಯ ತುಕ್ಕು ಬಯಲಿನ ಬೇಸಿಗೆಯಲ್ಲಿ ಉಳಿಯದೆ ಗುಡ್ಡಗಳಲ್ಲಿ ಬದುಕುತ್ತದೆ, ನೀಲಗಿರಿ, ಪಳನಿಯಂಥ ಬೆಟ್ಟಗಳಿಂದ ಗಾಳಿಯಲ್ಲಿ ಮತ್ತೆ ಕೆಳಗಿಳಿಯುತ್ತದೆ ಎಂದು ವಿಜ್ಞಾನಿ ಕೆ. ಸಿ. ಮೆಹ್ತಾ ತೋರಿಸಿಕೊಟ್ಟರು. ಹಾಗಾಗಿ ರೈತರ ಪದವೇ ಮೇಲೆಂದು ನನ್ನ ಅನಿಸಿಕೆ.

ಅದಕ್ಕೂ ಒಂದು ಮಿತಿಯಿದೆ. ಬೆಳೆ ಬಲಿತಂತೆ ಅದೇ ಶಿಲೀಂಧ್ರ ಕಪ್ಪು ಗುಳ್ಳೆ ಕಟ್ಟುತ್ತದೆ. ಅದು ಟೀಲಿಯಂ, ಒಳಗೆ ದಪ್ಪ ಗೋಡೆಯ ಬೀಜಾಣು. ಸಜ್ಜೆಯ ತುಕ್ಕು ಇನ್ನೂ ಮುಂದೆ ಹೋಗಿ ಬದನೆ ಎಲೆಯಡಿಯಲ್ಲಿ ಪುಟ್ಟ ಹಳದಿ ಬಟ್ಟಲುಗಳಾಗಿ, ಈಸಿಯಂ ಆಗಿ ಕಾಣಿಸಿಕೊಳ್ಳುತ್ತದೆ. ಸಜ್ಜೆಯ ಪಕ್ಕ ಬದನೆ ಹಾಕಿದವರಿಗೂ ಇವೆರಡೂ ಒಂದೇ ಜೀವಿಯೆಂದು ಹೊಳೆಯುವುದು ಕಷ್ಟ. ಯುರೋಪಿನ ಪಂಡಿತರೂ ಯೂರಿಡೋ, ಈಸಿಡಿಯಂ, ಪಕ್ಸೀನಿಯ ಎಂದು ಬೇರೆಬೇರೆ ಜಾತಿಗಳನ್ನೇ ಮಾಡಿಟ್ಟಿದ್ದರು. ಗೋಧಿಯ ಕರಿ ತುಕ್ಕೂ ಬಾರ್ಬೆರಿ ಗಿಡದ ಬಟ್ಟಲೂ ಒಂದೇ ಎಂದು ಜರ್ಮನಿಯ ಆಂಟನ್ ಡಿ ಬ್ಯಾರಿ ಸಾಬೀತು ಮಾಡಿದ್ದು 1865ರಲ್ಲಿ.

ರೈತರಿಗಾಗಿ ಕರಪತ್ರ ಬರೆಯುವವರು ‘ತುಕ್ಕು’ ಎಂದು ಅಚ್ಚು ಹಾಕುವಾಗ ಪಕ್ಕದಲ್ಲಿ ‘ಭಂಡಾರ’ವನ್ನೂ ಬರೆಯಲಿ. ನಿಮ್ಮ ಊರಿನ ಹಿರಿಯರು ಎಲೆಯ ಈ ಪುಡಿಗೆ, ಆ ಕಪ್ಪು ಗುಳ್ಳೆಗೆ, ಬದನೆಯ ಬಟ್ಟಲಿಗೆ ಬೇರೆ ಹೆಸರು ಹೇಳುತ್ತಿದ್ದರೆ ಬೆಳೆ, ಬಣ್ಣ, ತಿಂಗಳಿನ ಸಮೇತ ಬರೆದಿಡಿ.