ದ್ಯೂತ ವ್ಯಸನ ಮತ್ತು ವಿದ್ಯಾರ್ಥಿಗಳ ಓದು

ಶ್ರಾವಕರು ತ್ಯಜಿಸಬೇಕಾದ ಸಪ್ತವ್ಯಸನಗಳಲ್ಲಿ ದ್ಯೂತವೇ ಮೊದಲನೆಯದು. ಶ್ರಾವಕಾಚಾರ ಗ್ರಂಥಗಳಲ್ಲಿ ಇದಕ್ಕೆ ದೃಷ್ಟಾಂತ ಯುಧಿಷ್ಠಿರ. ಧರ್ಮರಾಯನಂಥವನೇ ಜೂಜಿನಲ್ಲಿ ರಾಜ್ಯ ಕಳೆದುಕೊಂಡ.

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಯುಗಾದಿ ಬಂತೆಂದರೆ ಇಸ್ಪೀಟು ಇದ್ದದ್ದೇ. ಹಬ್ಬದ ಆಟವೆಂದು ಹಿರಿಯರೇ ಕೂತರೆ ಮಕ್ಕಳಿಗೆ ತಪ್ಪೆನಿಸುವುದಾದರೂ ಹೇಗೆ? ಈಗಂತೂ ರಮ್ಮಿ, ಕ್ರಿಕೆಟ್ ಬೆಟ್ಟಿಂಗ್ ಮೊಬೈಲಿಗೇ ಬಂದಿವೆ. ದಾವಣಗೆರೆ, ಚಿತ್ರದುರ್ಗದಲ್ಲಿ ರೂಮು ಮಾಡಿಕೊಂಡು ಓದುವ ವಿದ್ಯಾರ್ಥಿಯನ್ನು ರಾತ್ರಿ ಕೇಳುವವರಿಲ್ಲ. ಮೊದಲು ನಿದ್ರೆ ಕೆಡುತ್ತದೆ, ಬೆಳಗಿನ ತರಗತಿ ತಪ್ಪುತ್ತದೆ, ಹಾಜರಾತಿ ಕಡಿಮೆಯಾಗುತ್ತದೆ. ಪರೀಕ್ಷಾ ಶುಲ್ಕದ ಹಣ ಆಟಕ್ಕೆ ಹೋಗುತ್ತದೆ; ಸೋತದ್ದನ್ನು ಮರಳಿ ಗೆಲ್ಲುವ ಹಟಕ್ಕೆ ಸಾಲ. ತರಗತಿಯಲ್ಲಿ ಕೂತರೂ ಮನಸ್ಸು ಕಳೆದುಕೊಂಡದ್ದರ ಮೇಲೆಯೇ. ನಮ್ಮ ಶಾಸ್ತ್ರ ಆರ್ತಧ್ಯಾನ ಎನ್ನುವುದು ಇಂಥದ್ದನ್ನೇ.

ಆನ್‌ಲೈನ್ ಜೂಜು ನಿಷೇಧಿಸಲು ರಾಜ್ಯ 2021ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಅಂಗೀಕರಿಸಿತು. ಅದರಲ್ಲಿ ಶಿಕ್ಷೆ ಆಟ ನಡೆಸುವವರಿಗೆ, ಜಾಹೀರಾತು ಕೊಡುವವರಿಗೆ, ಆಡಿದವರಿಗಲ್ಲ. ಆದ್ದರಿಂದ ಮಗ ಸಿಕ್ಕಿಬಿದ್ದರೆ ಮುಚ್ಚಿಡಬೇಡಿ, ಸಾಲವೆಷ್ಟೆಂದು ಮೊದಲು ಕೇಳಿ. ಶುಲ್ಕವನ್ನು ನೇರ ಕಾಲೇಜಿಗೇ ಕಟ್ಟಿ. ಟೆಲಿ ಮಾನಸ್ ಉಚಿತ ಸಹಾಯವಾಣಿ 14416. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್‌ನೆಟ್ ಗೀಳಿಗೆ ಶಟ್ ಕ್ಲಿನಿಕ್ ಇದೆ.