ಚರಂಡಿಯ ನೀರು ಎಲ್ಲಿಗೆ ಹೋಗುತ್ತದೆ?

ಸಿಡ್ನಿಗೆ ಬಂದ ಎರಡನೆಯ ವರ್ಷದ ಆಯುಧಪೂಜೆ. ಪರದೇಶದಲ್ಲಿ ಹಬ್ಬಗಳೆಲ್ಲ ಶನಿವಾರ, ಭಾನುವಾರಕ್ಕೇ ಬರಬೇಕಷ್ಟೆ. ಹಾಗೆ ಒಂದು ಶನಿವಾರ ಬೆಳಿಗ್ಗೆ ಟೂಂಗ್ಯಾಬಿಯ ಬಾಡಿಗೆ ಮನೆಯ ಮುಂದೆ ನನ್ನ ಹಳೆಯ ಕಾರು ನಿಲ್ಲಿಸಿ, ಬಕೆಟ್ ತುಂಬ ಸೋಪಿನ ನೊರೆ ಎಬ್ಬಿಸಿ ಉಜ್ಜುತ್ತಿದ್ದೆ. ಪಕ್ಕದ ಮನೆಯ ಗ್ರೀಕ್ ಮುದುಕ ಬೇಲಿಯ ಆಚೆಯಿಂದ ನೋಡುತ್ತಿದ್ದವನು ಕೇಳಿದ: "ಆ ನೊರೆ ಎಲ್ಲಿಗೆ ಹೋಗುತ್ತೆ ಗೊತ್ತೇನಪ್ಪಾ?"

"ಚರಂಡಿಗೆ."

"ಚರಂಡಿಯಿಂದ?"

"ಎಲ್ಲೋ ಶುದ್ಧ ಮಾಡ್ತಾರಲ್ಲ," ಎಂದೆ. ಮುಂದುವರಿದ ದೇಶ ಅಲ್ಲವೇ ಎಂಬ ಭರವಸೆ ನನ್ನದು.

ಅವನು ನಕ್ಕು ರಸ್ತೆಯ ಇಳಿಜಾರಿನ ಕಡೆ ಕೈ ತೋರಿಸಿದ. "ಯಾರೂ ಏನೂ ಮಾಡಲ್ಲ. ನೇರ ಹಳ್ಳಕ್ಕೆ."

ನಂಬಲಿಲ್ಲ. ಪೂಜೆ ಮುಗಿಸಿ, ಕುಂಬಳಕಾಯಿ ಒಡೆದು, ಮಧ್ಯಾಹ್ನ ಊಟವಾದ ಮೇಲೆ ನಡೆದುಕೊಂಡು ಹೋಗಿ ನೋಡಿದೆ. ಟೂಂಗ್ಯಾಬಿ ಕ್ರೀಕಿನ ದಂಡೆಯಲ್ಲಿ ಒಂದು ಕಾಂಕ್ರೀಟ್ ಕೊಳವೆ ಬಾಯಿ ತೆರೆದುಕೊಂಡಿತ್ತು. ಅದರ ಕೆಳಗೆ ಚಿಪ್ಸ್ ಪೊಟ್ಟಣ, ಟೆನಿಸ್ ಚೆಂಡು, ಕೊಳೆತ ಎಲೆಯ ರಾಶಿ. ಈ ಹಳ್ಳ ಮುಂದೆ ಪ್ಯಾರಮಟ್ಟಾ ನದಿಯಾಗಿ, ಆ ನದಿ ಸಿಡ್ನಿ ಬಂದರನ್ನು ಸೇರುತ್ತದೆ. ನಮ್ಮ ಆಯುಧಪೂಜೆಯ ನೊರೆ ಒಪೆರಾ ಹೌಸಿನ ಕಾಲು ತೊಳೆಯುವ ಹಾದಿ ಹಿಡಿದಿತ್ತು. ಎರಡು ನಗರಗಳ ಬೀದಿಯ ಕೆಳಗಿನ ಚರಿತ್ರೆಯನ್ನು ನಾನು ಹುಡುಕತೊಡಗಿದ್ದು ಅಲ್ಲಿಂದ.

ಸಿಡ್ನಿ ನಗರ ಹುಟ್ಟಿದ್ದೇ ಒಂದು ತೊರೆಯಿಂದ. 1788ರ ಜನವರಿಯಲ್ಲಿ ಕೈದಿಗಳ ಹಡಗುಗಳೊಂದಿಗೆ ಬಂದ ಆರ್ಥರ್ ಫಿಲಿಪ್‌ಗೆ ಬಾಟನಿ ಬೇ ಹಿಡಿಸಲಿಲ್ಲ. ಉತ್ತರಕ್ಕೆ ಬಂದು ಗ್ಯಾಡಿಗಲ್ ಜನರ ನೆಲದಲ್ಲಿ, ಸಿಹಿನೀರಿನ ಸಣ್ಣ ತೊರೆಯೊಂದು ಕಡಲಿಗೆ ಸೇರುವ ಕಡೆ ಬೀಡುಬಿಟ್ಟ. ಒಂದೆರಡು ವರ್ಷಗಳಲ್ಲೇ ಬರ ಬಂತು. ತೊರೆಯ ಪಕ್ಕದ ಮರಳುಗಲ್ಲಿನಲ್ಲಿ ನೀರು ನಿಲ್ಲಿಸಲು ತೊಟ್ಟಿಗಳನ್ನು ಕಡಿಸಿದರು. ಅದರಿಂದಲೇ 'ಟ್ಯಾಂಕ್ ಸ್ಟ್ರೀಮ್' ಎಂಬ ಹೆಸರು. ನಾವಾದರೆ ಕಲ್ಯಾಣಿ ಎನ್ನುತ್ತಿದ್ದೆವೇನೋ.

ಫಿಲಿಪ್ ಇನ್ನೊಂದು ಕೆಲಸ ಮಾಡಿದ್ದ. ತೊರೆಯ ಎರಡೂ ದಂಡೆಗಳಲ್ಲಿ ಐವತ್ತು ಅಡಿಯಷ್ಟು ಜಾಗದಲ್ಲಿ ಮರ ಕಡಿಯಕೂಡದು, ದನ ಮೇಯಿಸಕೂಡದು ಎಂದು ಕಟ್ಟಪ್ಪಣೆ. ಹುಲ್ಲು, ಪೊದೆ, ಬೇರು ನಡುವೆ ಹರಿದು ಬರುವ ಮಳೆನೀರು ತಾನೇ ಸೋಸಿಕೊಳ್ಳುತ್ತದೆ. ಇಂದಿನ ಎಂಜಿನಿಯರುಗಳು ನಕ್ಷೆ ಹಾಕಿ, ಲೆಕ್ಕ ಕಟ್ಟಿ ಮಾಡುವುದನ್ನು ಒಂದು ಹಸಿರು ಪಟ್ಟಿ ಪುಕ್ಕಟೆಯಾಗಿ ಮಾಡುತ್ತಿತ್ತು. ಆದರೆ ಫಿಲಿಪ್ 1792ರ ಡಿಸೆಂಬರಿನಲ್ಲಿ ಇಂಗ್ಲೆಂಡಿಗೆ ಮರಳಿದ. ಆಮೇಲೆ ಅಧಿಕಾರ ವಹಿಸಿಕೊಂಡ ಗ್ರೋಸ್ ಆ ಪಟ್ಟಿಯಲ್ಲೇ ಮನೆ ಕಟ್ಟಲು ಜಾಗ ಗುತ್ತಿಗೆಗೆ ಕೊಟ್ಟ. ಹಂದಿಗೂಡು ಬಂದವು, ಬಟ್ಟೆ ಒಗೆಯುವವರು ಬಂದರು, ಮೀನು ತೊಳೆಯುವವರು ಬಂದರು. ಆಮೇಲಿನ ಗವರ್ನರ್ ಕಿಂಗ್, ತೊರೆಯನ್ನು ಕೆಡಿಸಿದವರ ಮನೆ ಕೆಡವಿ ಐದು ಪೌಂಡ್ ದಂಡ ಹಾಕುವುದಾಗಿ ಗುಡುಗಿದ. ಹಸಿರು ಪಟ್ಟಿ ಮಾಡುತ್ತಿದ್ದ ಕೆಲಸವನ್ನು ದಂಡದಿಂದ ಮಾಡಿಸಲಾಗಲಿಲ್ಲ. 1826ರಲ್ಲಿ ಊರು ಆ ನೀರನ್ನು ಕುಡಿಯುವುದನ್ನೇ ಬಿಟ್ಟಿತು. 1850ರ ದಶಕದಿಂದ ತೊರೆಯ ಮೇಲೆ ಹಂತಹಂತವಾಗಿ ಕಲ್ಲಿನ ಕಮಾನು ಮುಚ್ಚಿಕೊಂಡಿತು. ಇಂದು ಅದು ನಗರದ ನಡುವಿನ ಗಗನಚುಂಬಿ ಕಟ್ಟಡಗಳ ಅಡಿಯಲ್ಲಿ ಹರಿಯುವ ಮಳೆನೀರಿನ ಚರಂಡಿ. ಈ ಪಾರಂಪರಿಕ ಚರಂಡಿಯನ್ನು ನೋಡಲು ಸಿಡ್ನಿ ವಾಟರ್ ಸಂಸ್ಥೆ ಆಗೊಮ್ಮೆ ಈಗೊಮ್ಮೆ ಚೀಟಿ ಎತ್ತಿ ಜನರನ್ನು ಒಳಗೆ ಕರೆದೊಯ್ಯುತ್ತದೆ.

ಕೆಲಸದ ನಿಮಿತ್ತ ಕೆಲವು ವರ್ಷ ಮೆಲ್ಬರ್ನಿನಲ್ಲಿದ್ದಾಗ ಅಲ್ಲಿಯೂ ಇದೇ ಕಥೆ ಎದುರಾಯಿತು. ಅಲ್ಲಿನ ಎಲಿಜಬೆತ್ ಸ್ಟ್ರೀಟ್ ಒಂದು ಹಳ್ಳದ ಜಾಡಿನ ಮೇಲೆಯೇ ಕೂತಿದೆ. 1972ರ ಫೆಬ್ರವರಿಯ ಒಂದು ಮಳೆಗೆ ಹಳ್ಳ ತನ್ನ ಹಳೆಯ ದಾರಿ ನೆನಪಿಸಿಕೊಂಡು ಬೀದಿಯಲ್ಲೇ ಉಕ್ಕಿ ಹರಿಯಿತು. ಕಾರುಗಳು ತೇಲಿದ ಚಿತ್ರಗಳನ್ನು ಮೆಲ್ಬರ್ನಿನವರು ಈಗಲೂ ತೋರಿಸುತ್ತಾರೆ. ನಮ್ಮವರಿಗೆ ಇದು ಅರ್ಥವಾಗಲು ವಿವರಣೆ ಬೇಡ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ.

ಚಿನ್ನದ ಗಣಿಗಳ ಹಣದಿಂದ 1880ರ ದಶಕದಲ್ಲಿ ಮೆಲ್ಬರ್ನ್ ಮೆರೆಯುತ್ತಿತ್ತು. ಆದರೂ ಬೀದಿಯ ಕಾಲುವೆಗಳಲ್ಲಿ ಮಲಮೂತ್ರ ಹರಿಯುತ್ತಿತ್ತು. ನಾತದ ಊರೆಂದು ಹಾಸ್ಯಗಾರರು ಅದನ್ನು 'ಸ್ಮೆಲ್ಬರ್ನ್' ಎಂದು ಕರೆದರು. ಟೈಫಾಯ್ಡ್ ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು. 1891ರಲ್ಲಿ ಒಂದು ಮಂಡಳಿ ಹುಟ್ಟಿತು; 1897ರಲ್ಲಿ ಮೊದಲ ಮನೆಗಳು ಒಳಚರಂಡಿಗೆ ಸೇರಿದವು; ಹೊಲಸೆಲ್ಲ ವೆರಿಬಿಯ ವಿಶಾಲ ಬಯಲಿಗೆ ಹೋಯಿತು. ಸಿಡ್ನಿಯಲ್ಲಿ ಅದಕ್ಕೂ ಮೊದಲೇ, 1889ರಲ್ಲಿ, ಬಾಂಡೈನ ಬಂಡೆಗಳ ಆಚೆ ಸಾಗರಕ್ಕೆ ಕೊಳವೆ ಹಾಕಿದ್ದರು. ಎರಡೂ ಊರುಗಳು ಜಾಣತನದ ಒಂದು ನಿರ್ಧಾರ ಮಾಡಿದವು: ಮನೆಯ ಹೊಲಸಿಗೆ ಒಂದು ಕೊಳವೆ, ಮಳೆನೀರಿಗೆ ಇನ್ನೊಂದು. ಜೀವಗಳು ಉಳಿದವು. ಅದರ ಜೊತೆ ಒಂದು ತಪ್ಪು ನಂಬಿಕೆಯೂ ಬೇರುಬಿಟ್ಟಿತು. ಒಳಚರಂಡಿಯದು ಕೊಳಕು, ಮಳೆಯದು ಶುದ್ಧ. ಆದ್ದರಿಂದ ಮಳೆನೀರನ್ನು ಸೋಸುವ ಅಗತ್ಯವಿಲ್ಲ, ಬೇಗ ಸಾಗಿಸಿದರೆ ಸಾಕು. ಸಿಡ್ನಿಯ ಕುಕ್ಸ್ ನದಿ, ಮೆಲ್ಬರ್ನಿನ ಮೂನಿ ಪಾಂಡ್ಸ್ ಕ್ರೀಕ್‌ಗಳು ಈ ನಂಬಿಕೆಯಲ್ಲೇ ಕಾಂಕ್ರೀಟ್ ಹೊದ್ದುಕೊಂಡವು. ಸುಮಾರು ನೂರು ವರ್ಷ ಯಾರೂ ಆ ನಂಬಿಕೆಯನ್ನು ಪ್ರಶ್ನಿಸಲಿಲ್ಲ. ನಾನು ಬಂದು ಆ ನಂಬಿಕೆಗೆ ನನ್ನ ಬಕೆಟ್ ನೊರೆ ಸೇರಿಸಿದೆ.

ಇಯಾನ್ ಕಿಯರ್ನನ್ ಎಂಬ ಸಿಡ್ನಿಯ ಕಟ್ಟಡ ಕಂತ್ರಾಟುದಾರ ಒಂಟಿಯಾಗಿ ಹಾಯಿದೋಣಿಯಲ್ಲಿ ಲೋಕ ಸುತ್ತುವ ಪಂದ್ಯಕ್ಕೆ ಹೋಗಿದ್ದ. ಎಷ್ಟೋ ದಿನದಿಂದ ನೋಡಬೇಕೆಂದುಕೊಂಡಿದ್ದ ಸಾರ್ಗ್ಯಾಸೊ ಸಮುದ್ರ ಸಿಕ್ಕಾಗ ಅಲ್ಲಿ ಪ್ಲಾಸ್ಟಿಕ್ ತೇಲುತ್ತಿತ್ತು. ಊರಿಗೆ ಬಂದವನು 1989ರ ಜನವರಿ 8ರಂದು ಬಂದರನ್ನು ಗುಡಿಸಲು ಜನರನ್ನು ಕರೆದ. ಸುಮಾರು ನಲವತ್ತು ಸಾವಿರ ಮಂದಿ ಬಂದರು. ಸುಮಾರು ಐದು ಸಾವಿರ ಟನ್ ಕಸ ಎತ್ತಿದರು. ಮರುವರ್ಷದಿಂದ ಅದು ಇಡೀ ದೇಶದ 'ಕ್ಲೀನ್ ಅಪ್ ಆಸ್ಟ್ರೇಲಿಯಾ ಡೇ' ಆಯಿತು. ಮಾರ್ಚ್ ತಿಂಗಳ ಆ ಭಾನುವಾರ ಕೈಗವಸು ಹಾಕಿಕೊಂಡು ಹಳ್ಳದ ದಂಡೆಯಲ್ಲಿ ಬಗ್ಗಿದವರಲ್ಲಿ ನಮ್ಮ ಕನ್ನಡದ ಕುಟುಂಬಗಳೂ ಇದ್ದವು. ಕೆಲಸ ಮುಗಿದ ಮೇಲೆ ಚಿತ್ರಾನ್ನ. ಆದರೆ ಮುಂದಿನ ಮಳೆಗೆ ಅದೇ ದಂಡೆಯಲ್ಲಿ ಅಷ್ಟೇ ಕಸ ಬಂದಿರುತ್ತಿತ್ತು. ಎತ್ತುವುದಕ್ಕಿಂತ ಮೊದಲು ತಡೆಯಬೇಕಲ್ಲ?

ತಡೆಯುವ ಬಗೆ ಮೆಲ್ಬರ್ನಿನಲ್ಲಿ ರೂಪುಗೊಂಡಿತು. 1990ರ ದಶಕದಲ್ಲಿ ಸಂಶೋಧಕರು ಕೋಬರ್ಗ್ ಬಡಾವಣೆಯ ಚರಂಡಿಗೆ ಬರುವ ಕಸವನ್ನು ಹಿಡಿದು, ಒಣಗಿಸಿ, ತೂಗಿದರು. ಎಲ್ಲರೂ ಬಾಟಲಿ, ಪ್ಲಾಸ್ಟಿಕ್ ಎಂದುಕೊಂಡಿದ್ದರು. ತೂಕದಲ್ಲಿ ಹೆಚ್ಚಿನ ಪಾಲು ಎಲೆ, ಕಡ್ಡಿ, ಹುಲ್ಲು! ಎಲೆಯಲ್ಲವೇ ಎಂದು ಸುಮ್ಮನಿರುವಂತಿಲ್ಲ. ಅದು ನೀರಿನಲ್ಲಿ ಕೊಳೆಯುವಾಗ ಮೀನಿನ ಆಮ್ಲಜನಕ ಕಸಿಯುತ್ತದೆ.

ಎಲೆ ಜಾಲರಿಗೂ ಶತ್ರು. ಚಹಾ ಸೋಸುವಾಗ ಜಾಲರಿಯ ತುಂಬ ಸೊಪ್ಪು ಕೂತರೆ ಏನಾಗುತ್ತದೆ? ಚಹಾ ಇಳಿಯುವುದಿಲ್ಲ, ಅಂಚಿನಿಂದ ಚೆಲ್ಲುತ್ತದೆ. ಚರಂಡಿಗೆ ಅಡ್ಡ ಹಾಕಿದ ಕಂಬಿಗಳದೂ ಅದೇ ಪಾಡು. ಕಸ ತುಂಬಿದರೆ ಬೀದಿಯಲ್ಲಿ ನೆರೆ. ಆಸ್ಟ್ರೇಲಿಯಾದಲ್ಲೇ ಹುಟ್ಟಿದ 'ಸಿಡಿಎಸ್' ಎಂಬ ತೊಟ್ಟಿ ಇದಕ್ಕೆ ಉಪಾಯ ಕಂಡುಕೊಂಡಿತು. ನೆಲದಡಿಯ ದುಂಡು ತೊಟ್ಟಿಯೊಳಗೆ ನೀರನ್ನು ಓರೆಯಾಗಿ ಬಿಟ್ಟು ಸುಳಿ ಎಬ್ಬಿಸುತ್ತಾರೆ. ನೀರು ಸುತ್ತಲಿನ ಜಾಲರಿಗೆ ಎದುರಾಗಿ ಬಡಿಯದೆ, ಅದನ್ನು ಸವರಿಕೊಂಡು ಸುತ್ತುತ್ತದೆ. ಎಲೆ ಕಣ್ಣುಗಳಿಗೆ ಅಂಟಿಕೊಳ್ಳಲು ಬಿಡುವುದಿಲ್ಲ. ತೇಲುವುದು ಮೇಲುಳಿಯುತ್ತದೆ, ಭಾರದ್ದು ತಳದ ಗುಂಡಿಗೆ ಇಳಿಯುತ್ತದೆ, ನೀರು ಜಾಲರಿಯಾಚೆ ಹೋಗುತ್ತದೆ. ಮೊಸರು ಕಡೆದವರಿಗೆ ಸುಳಿಯ ಈ ಗುಣ ಹೊಸದಲ್ಲ.

ಆದರೆ ಜಾಲರಿ ಹಿಡಿಯುವುದು ಕಣ್ಣಿಗೆ ಕಾಣುವುದನ್ನು. ಟೈರಿನ ಧೂಳು, ಬ್ರೇಕಿನ ತಾಮ್ರ, ತಗಡಿನ ಸೂರಿನ ಸತು, ಎಣ್ಣೆ, ಗೊಬ್ಬರದ ಸಾರಜನಕ ನೀರಿನೊಡನೆ ನುಸುಳಿ ಹೋಗುತ್ತವೆ. ಮೆಲ್ಬರ್ನಿನ ಪೋರ್ಟ್ ಫಿಲಿಪ್ ಕೊಲ್ಲಿಯನ್ನು ಸಿಎಸ್‌ಐಆರ್‌ಒ ನಾಲ್ಕು ವರ್ಷ ಅಧ್ಯಯನ ಮಾಡಿ, ಕೊಲ್ಲಿಗೆ ಸೇರುವ ಸಾರಜನಕ ವರ್ಷಕ್ಕೆ ಸಾವಿರ ಟನ್ ಕಡಿಮೆಯಾಗಬೇಕು ಎಂದು 1996ರಲ್ಲಿ ಹೇಳಿತು. 1999ರಲ್ಲಿ ವಿಕ್ಟೋರಿಯಾ ರಾಜ್ಯ ಹೊಸ ಬಡಾವಣೆಗಳಿಗೆ ಗುರಿ ಇಟ್ಟಿತು: ಮಳೆನೀರಿನ ತೇಲುಮಣ್ಣಿನಲ್ಲಿ ಶೇಕಡಾ 80, ಸಾರಜನಕ ಮತ್ತು ರಂಜಕದಲ್ಲಿ ತಲಾ ಶೇಕಡಾ 45, ಕಸದಲ್ಲಿ ಶೇಕಡಾ 70 ಕಡಿತ. 2006ರಿಂದ ವಸತಿ ಬಡಾವಣೆಗಳಿಗೆ ಅದು ಕಡ್ಡಾಯವಾಯಿತು.

ಇದಕ್ಕೆ ಚಹಾ ಜಾಲರಿ ಸಾಲದು, ಕಾಫಿ ಫಿಲ್ಟರ್ ಬೇಕು. ರಸ್ತೆಯ ಅಂಚಿನಲ್ಲಿ ತಗ್ಗು ಮಾಡಿ, ಮರಳುಮಣ್ಣು ತುಂಬಿ, ಗಿಡ ನೆಟ್ಟು, ತಳದಲ್ಲಿ ತೂತಿನ ಕೊಳವೆ ಇಟ್ಟರೆ ಅದೇ 'ರೇನ್ ಗಾರ್ಡನ್'. ನಮ್ಮ ಹಿತ್ತಾಳೆ ಫಿಲ್ಟರಿನಂತೆಯೇ ಮೇಲೆ ಹಾಕಿದ ನೀರು ನಿಧಾನವಾಗಿ ಇಳಿದು ಕೆಳಗೆ ತೊಟ್ಟಿಕ್ಕುತ್ತದೆ. ಮರಳು ಕೊಳೆ ಹಿಡಿಯುತ್ತದೆ, ಬೇರಿನ ಸುತ್ತಲಿನ ಸೂಕ್ಷ್ಮಜೀವಿಗಳು ಸಾರಜನಕ ತಿನ್ನುತ್ತವೆ. ಮೊನಾಶ್ ವಿಶ್ವವಿದ್ಯಾಲಯದವರು ಗಿಡ ಗಿಡವನ್ನೂ ಪರೀಕ್ಷಿಸಿದಾಗ ಗೆದ್ದವುಗಳಲ್ಲಿ ಒಂದು ಕ್ಯಾರೆಕ್ಸ್ ಅಪ್ರೆಸ್ಸಾ. ಇಲ್ಲಿನ ಹಳ್ಳದ ದಂಡೆಯಲ್ಲೇ ಬೆಳೆಯುವ, ನಮ್ಮ ಜೊಂಡಿನಂಥ ಹುಲ್ಲು. ಅಂದರೆ ಫಿಲಿಪ್‌ನ ಐವತ್ತು ಅಡಿ ಪಟ್ಟಿ ಇನ್ನೂರು ವರ್ಷದ ಮೇಲೆ ತುಂಡು ತುಂಡಾಗಿ ಬೀದಿಬದಿಗೆ ಮರಳಿತು. 2008ರಿಂದ 2013ರವರೆಗೆ ಮೆಲ್ಬರ್ನ್ ವಾಟರ್ ಸಂಸ್ಥೆ ಹತ್ತು ಸಾವಿರ ಇಂಥ ತೋಟಗಳ ಅಭಿಯಾನ ನಡೆಸಿ ಗುರಿ ಮುಟ್ಟಿತು. ಸಿಡ್ನಿಯಲ್ಲಿ ಹಳೆಯ ಇಟ್ಟಿಗೆ ಗೂಡು, ಆಮೇಲೆ ಕಸದ ಗುಂಡಿಯಾಗಿದ್ದ ಸಿಡ್ನಿ ಪಾರ್ಕಿನ ಕೊಳಗಳು ಈಗ ವರ್ಷಕ್ಕೆ ಸುಮಾರು 85 ಕೋಟಿ ಲೀಟರ್ ಮಳೆನೀರನ್ನು ಹಿಡಿದು ಶುದ್ಧ ಮಾಡುತ್ತವೆ.

ಇಲ್ಲಿಗೆ ನಿಲ್ಲಿಸಿದರೆ ಇದು ತಂತ್ರಜ್ಞಾನದ ಜಯಗಾಥೆಯಾಗುತ್ತದೆ. ನಾನು ಕಂಡದ್ದು ಹಾಗಿಲ್ಲ. ಮೆಲ್ಬರ್ನಿನಲ್ಲಿ ನನ್ನ ಮನೆಯ ತಿರುವಿನಲ್ಲೊಂದು ರೇನ್ ಗಾರ್ಡನ್ ಇತ್ತು. ಎರಡು ವರ್ಷ ಯಾರೂ ಕಡೆಗಣ್ಣಿನಿಂದಲೂ ನೋಡಲಿಲ್ಲ. ಹೂಳು ಗಟ್ಟಿಯಾಗಿ ಹೆಪ್ಪುಗಟ್ಟಿತು, ಗಿಡ ಸತ್ತಿತು, ನೀರು ಮೇಲಿನಿಂದಲೇ ಹರಿದು ಹೋಯಿತು. ತೊಳೆಯದ ಕಾಫಿ ಫಿಲ್ಟರ್‌ನಿಂದ ಡಿಕಾಕ್ಷನ್ ಇಳಿದೀತೇ? ತುಂಬಿದ ಸಿಡಿಎಸ್ ತೊಟ್ಟಿಯೂ ಅಷ್ಟೆ; ಲಾರಿ ಬಂದು ಹೀರಿಕೊಂಡು ಹೋಗದಿದ್ದರೆ ಒಳಗೆ ಕೊಳೆತದ್ದೇ ಹಳ್ಳಕ್ಕೆ ಸೋರುತ್ತದೆ. ಈ ಕೆಲಸಕ್ಕೆಂದು 2005ರ ತಿದ್ದುಪಡಿಯಿಂದ ನ್ಯೂ ಸೌತ್ ವೇಲ್ಸಿನ ನಗರಸಭೆಗಳಿಗೆ ಮನೆಯೊಂದಕ್ಕೆ ವರ್ಷಕ್ಕೆ 25 ಡಾಲರ್‌ವರೆಗೆ ಮಳೆನೀರಿನ ಶುಲ್ಕ ಹಾಕುವ ಅವಕಾಶ ಬಂತು. ಮೊದಲ ಸಲ ಬಿಲ್ಲಿನಲ್ಲಿ ಅದನ್ನು ಕಂಡಾಗ "ಮಳೆಗೂ ದುಡ್ಡೇ?" ಎಂದು ನಾನೂ ಗೊಣಗಿದ್ದೆ.

ಆಮೇಲೆ ನೆನಪಾಯಿತು, ನಮ್ಮ ಹಿರಿಯರಿಗೆ ಈ ಲೆಕ್ಕ ಗೊತ್ತಿತ್ತು. ಕೆರೆ ಕಟ್ಟಿಸಿದ ಶಾಸನಗಳಲ್ಲೇ ಅದನ್ನು ನೋಡಿಕೊಳ್ಳಲು 'ಬಿತ್ತುವಟ್ಟ' ಎಂದು ಭೂಮಿ ಬಿಟ್ಟದ್ದು ಕಾಣುತ್ತದೆ. ತೂಬು ಎತ್ತಿ ಇಳಿಸಲು ನೀರುಗಂಟಿ, ಬೇಸಿಗೆಯಲ್ಲಿ ಹೂಳೆತ್ತಲು ಊರು. ಹೂಳು ಹೊಲಕ್ಕೆ ಗೊಬ್ಬರ. ಕೆರೆಯಿಂದ ಕೆರೆಗೆ ಕೋಡಿ ನೀರು ಒಯ್ಯುವ ರಾಜಕಾಲುವೆಯ ದಾರಿ ಕಾಪಾಡುವವರಿದ್ದರು. ಕಾಪಾಡುವವರು ಹೋದರು, ರಾಜಕಾಲುವೆಗೆ ಒಳಚರಂಡಿ ಸೇರಿತು, ಕೊನೆಗೆ 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂತು. ಆ ಚಿತ್ರಗಳನ್ನು ಇಲ್ಲಿ ಮೊಬೈಲಿನಲ್ಲಿ ನೋಡುತ್ತಾ ಗೆಳೆಯರು "ನಮ್ಮವರು ಬುದ್ಧಿ ಕಲಿಯೋದಿಲ್ಲ" ಎಂದಾಗ ನಾನು ಸುಮ್ಮನಿದ್ದೆ. ನನ್ನ ಕಣ್ಣಮುಂದೆ ಇದ್ದದ್ದು ಟೂಂಗ್ಯಾಬಿಯ ಇಳಿಜಾರಿನಲ್ಲಿ ಇಳಿದು ಹೋದ ನನ್ನದೇ ನೊರೆ.

ಈಗ ಸಿಡ್ನಿಗೆ ಮರಳಿದ್ದೇನೆ. ಗ್ರೀಕ್ ಮುದುಕ ತೀರಿಕೊಂಡು ಬಹಳ ಕಾಲವಾಯಿತು. ಆಯುಧಪೂಜೆಯ ದಿನ ಕಾರನ್ನು ಹುಲ್ಲಿನ ಮೇಲೆ ನಿಲ್ಲಿಸಿ, ಸೋಪಿಲ್ಲದೆ ತೊಳೆಯುತ್ತೇನೆ. ನೀರು ಅಲ್ಲೇ ಇಂಗುತ್ತದೆ. ಕುಂಬಳಕಾಯಿ ಒಡೆಯುವುದನ್ನು ಬಿಟ್ಟಿಲ್ಲ. ಒಡೆದ ಮೇಲೆ ಚೂರುಗಳನ್ನೆಲ್ಲ ಆರಿಸಿ ಹಿತ್ತಲಿನ ಗೊಬ್ಬರದ ಗುಂಡಿಗೆ ಹಾಕುವುದು ಮೊಮ್ಮಗಳ ಕೆಲಸ. ಕುಂಕುಮ ಮೆತ್ತಿದ ಒಂದು ಚೂರು ಉರುಳಿ ರಸ್ತೆಯಂಚಿನ ಚರಂಡಿಯತ್ತ ಹೊರಟರೆ ಅವಳು ಓಡಿಹೋಗಿ ಹಿಡಿಯುತ್ತಾಳೆ.